ಸಾಲಕ್ಕೆ ಜೋಳವೇ ತೀರುವಳಿ

ಬೀದರ ಜಿಲ್ಲೆಯ ಗಡಿಗೆ ಹೊಂದಿಕೊಂಡಿರುವ, ಈಗ ತೆಲಂಗಾಣಕ್ಕೆ ಸೇರಿದ ಜಹೀರಾಬಾದ್ ಸೀಮೆಯು ಮಳೆಯನ್ನೇ ನಂಬಿದ ಬೇಸಾಯದ ನಾಡು. ಜೋಳ, ಸಜ್ಜೆ, ನವಣೆ, ತೊಗರಿಗಳು ಅಲ್ಲಿನ ಜನರ ಪರಂಪರೆಯ ಆಹಾರ. 1983ರಲ್ಲಿ ಅಂದಿನ ಆಂಧ್ರಪ್ರದೇಶ ಸರಕಾರವು ಕಿಲೋ ಒಂದಕ್ಕೆ 2 ರೂಪಾಯಿಯಂತೆ ಅಕ್ಕಿಯನ್ನು ಒದಗಿಸತೊಡಗಿತು. ಹಸಿದವರಿಗೆ ಅದು ಆಸರೆಯಾಯಿತೆಂಬುದು ನಿಜ. ಆದರೆ ದೂರದ ನೀರಾವರಿ ನೆಲದ ಅಕ್ಕಿ ಅಗ್ಗವಾಗಿ ಬಂದಂತೆ ಊರ ಜೋಳವನ್ನು ಕೇಳುವವರು ಕಡಿಮೆಯಾದರು. ಬಡವರ ಹೊಲಗಳು ಬೀಳುಬಿದ್ದವು. ಹೊಲವಿದ್ದೂ ರೇಷನ್ ಅಂಗಡಿಯ ಮುಂದೆ ನಿಲ್ಲುವ ಸ್ಥಿತಿ ಒದಗಿತು.

ಆ ಭಾಗದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಗೆ ಸೇರಿದ ಮಹಿಳಾ ಸಂಘಗಳು, ಅವರಲ್ಲಿ ಬಹುಪಾಲು ದಲಿತ ಹೆಣ್ಣುಮಕ್ಕಳು, 1990ರ ದಶಕದ ಮಧ್ಯಭಾಗದಲ್ಲಿ ಇದಕ್ಕೊಂದು ದಾರಿ ಕಂಡುಕೊಂಡವು. ಬೀಳು ಹೊಲದ ಒಡೆಯರಿಗೆ ಉಳುಮೆ, ಗೊಬ್ಬರ, ಬಿತ್ತನೆಗಳಿಗೆಂದು ಸಾಲ ದೊರೆಯಿತು. ತೀರುವಳಿ ಮಾತ್ರ ಹಣದಲ್ಲಲ್ಲ, ಜೋಳದಲ್ಲಿ. ಅದೂ ಕೆಲವು ವರ್ಷಗಳ ಕಂತಿನಲ್ಲಿ. ಯೋಜನೆಯ ಜೀವಾಳವೇ ಈ ನಿಯಮವೆನ್ನಬೇಕು. ಹಣವನ್ನು ಕೇಳಿದ್ದರೆ ಬೇಸಾಯಗಾರರು ಪೇಟೆಯ ಬೆಳೆಯತ್ತ ಹೊರಳುತ್ತಿದ್ದರು. ಕಾಳನ್ನು ಕೇಳಿದ್ದರಿಂದ ಕಾಳನ್ನೇ ಬೆಳೆದರು. ಸಂಘಕ್ಕೆ ಸಂದ ಪಾಲು ಊರಿನಲ್ಲಿಯೇ ಉಳಿಯಿತು.

ಹಾಗೆ ಕೂಡಿಟ್ಟ ಜೋಳವು ಕೊರತೆಯ ತಿಂಗಳುಗಳಲ್ಲಿ ಬಡ ಮನೆಗಳಿಗೆ ಅಗ್ಗದ ದರದಲ್ಲಿ ಹಂಚಿಕೆಯಾಯಿತು. ಬಡವರು ಯಾರೆಂಬುದನ್ನು ಕಚೇರಿಯ ಕಡತ ನಿರ್ಧರಿಸಲಿಲ್ಲ. ಊರವರೇ ನೆಲದ ಮೇಲೆ ಮನೆಗಳ ನಕ್ಷೆ ಬರೆದು, ಎಲ್ಲರೆದುರು ಚರ್ಚಿಸಿ ಗುರುತಿಸಿದರು. ನೆರೆಮನೆಯ ಒಲೆ ಉರಿದಿದೆಯೇ ಎಂಬುದನ್ನು ನೆರೆಯವರಿಗಿಂತ ಚೆನ್ನಾಗಿ ಬಲ್ಲವರಾರು?

2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿಯು ಈ ಸಂಸ್ಥೆಗೆ ಸಂದಿತು. ಬೀಜದ ವಿಷಯದಲ್ಲಿಯೂ ಸಂಘಗಳದು ಇದೇ ಪದ್ಧತಿ: ಭಂಡಾರದಿಂದ ಕಡವಾಗಿ ಒಯ್ದವರು ಸುಗ್ಗಿಯ ಬಳಿಕ ಹೆಚ್ಚಿನ ಅಳತೆಯಲ್ಲಿ ಹಿಂದಿರುಗಿಸುವರು, ಬೂದಿ, ಬೇವಿನೆಲೆ ಬೆರೆಸಿದ ಬುಟ್ಟಿಗಳಲ್ಲಿ ಅದು ಮುಂದಿನ ಮಳೆಯವರೆಗೆ ಕೆಡದೆ ಉಳಿಯುವುದು.