ಅವರೆ ಗಿಡದ ಹೇನು ಮತ್ತು ಮೊದಲ ಶೀಲ

ಇಂದಿನ ಚಿಂತನೆ ನಮ್ಮ ಬಳಗದ ಅಕ್ಕ ಒಬ್ಬರು ಕೇಳಿದ ಪ್ರಶ್ನೆಯಿಂದ.

“ಮೇಷ್ಟ್ರೇ, ಹಿತ್ತಲಲ್ಲಿ 10 ಅವರೆ ಗಿಡ ಹಾಕಿದೀನಿ. ಹೂ ಬಿಟ್ಟ ಮೇಲೆ ಕುಡಿ ತುಂಬಾ ಕರಿ ಹೇನು. ಪಂಚಶೀಲ ತಗೊಂಡವಳು ನಾನು. ಔಷಧಿ ಹೊಡೀಲೋ, ಬಿಡ್ಲೋ?”

ಮಾಗಿ ಚಳಿಯಲ್ಲಿ ಹಿತ್ತಲು ಇರುವ ಎಷ್ಟೋ ಮನೆಗಳ ಪ್ರಶ್ನೆ ಇದು. ನಾಟಿ ಅವರೆಯನ್ನು ಮಳೆಗಾಲದಲ್ಲೇ ಊರಿದರೂ ಹಗಲು ಕುಗ್ಗಿ ರಾತ್ರಿ ಉದ್ದವಾಗುವ ತನಕ ಅದು ಹೂ ಬಿಡುವುದಿಲ್ಲ. ಹೂವು, ಇಬ್ಬನಿ, ಹೇನು ಮೂರೂ ಜೊತೆಯಲ್ಲೇ ಬರುತ್ತವೆ.

ಮೊದಲು ಆ ಒಂದು ಪದ ನೋಡೋಣ. ಕನ್ನಡ ಮೇಷ್ಟ್ರು, ಅಭ್ಯಾಸ ಬಿಡಲಾರೆ. ಹುಳ ಕೊಲ್ಲುವ ವಿಷಕ್ಕೆ ನಾವೆಲ್ಲ ‘ಔಷಧಿ’ ಎನ್ನುತ್ತೇವೆ. ಇದ್ದುದನ್ನು ಇದ್ದಂತೆ ಕಾಣಲು ಕಲಿಸುವ ಧಮ್ಮದವರು ನಾವು. ಆ ಡಬ್ಬಿಯನ್ನು ವಿಷ ಎಂದೇ ಕರೆದು, ಆಮೇಲೆ ಬೇಕಾದರೆ ಕೈಗೆ ತೆಗೆದುಕೊಳ್ಳೋಣ.

ಮೊದಲ ಶೀಲ ಮುರಿಯಬೇಕಾದರೆ ಐದು ಅಂಗ ಕೂಡಬೇಕೆಂದು ಪಾಲಿ ಅಟ್ಠಕಥೆಗಳು ಹೇಳುತ್ತವೆ: ಜೀವಿ ಇರಬೇಕು, ಜೀವಿಯೆಂದು ಗೊತ್ತಿರಬೇಕು, ಕೊಲ್ಲುವ ಮನಸ್ಸಿರಬೇಕು, ಪ್ರಯತ್ನ ನಡೆಯಬೇಕು, ಆ ಪ್ರಯತ್ನದಿಂದಲೇ ಸಾವಾಗಬೇಕು. ಪಾತಿ ಮಾಡುವಾಗ ಗುದ್ದಲಿಗೆ ಎರೆಹುಳ ಸಿಕ್ಕಿದರೆ ಅಲ್ಲಿ ಮೂರನೆಯದು ಇಲ್ಲ. ಹೇನಿಗೆಂದೇ ಸೋಪಿನ ನೀರು ಹೊಡೆದರೆ ಐದೂ ಇವೆ. ವಿಷವಲ್ಲವಲ್ಲ ಎಂದು ಸಮಾಧಾನ ಮಾಡಿಕೊಳ್ಳುವಂತಿಲ್ಲ, ಮೆತ್ತನೆ ಮೈಯ ಹೇನು ಅದರಲ್ಲೇ ಸಾಯುತ್ತದೆ.

ಹಾಗಾದರೆ ಗಿಡ ಬಿಟ್ಟುಕೊಡಬೇಕೆ? ಬೇಡ. ಹೇನು ಯಾಕೆ ಬಂತು ಎಂದು ಕೇಳಿ. ಪಟಿಚ್ಚಸಮುಪ್ಪಾದ ಎಂದರೆ ನಮ್ಮವರು ಹೆದರುತ್ತಾರೆ, ಹಿತ್ತಲಲ್ಲಿ ಅದು ಕಣ್ಣೆದುರೇ ಇದೆ. ಯೂರಿಯಾ ಹೆಚ್ಚಾದರೆ ಕುಡಿ ಎಳೆಯದಾಗಿ, ರಸ ತುಂಬಿ ಏಳುತ್ತದೆ. ಹೇನಿಗೆ ಅದೇ ಊಟ. ಹೆಣ್ಣು ಹೇನು ಗಂಡಿನ ಹಂಗಿಲ್ಲದೆ ಮರಿ ಹಾಕುತ್ತದೆ, ಆ ಮರಿ ವಾರ ಹತ್ತು ದಿನದಲ್ಲಿ ತಾನೇ ತಾಯಿ. ಹೇನು ಸುರಿಸುವ ಸಿಹಿ ಅಂಟಿಗೆ ಇರುವೆ ಬರುತ್ತದೆ. ಹೇನು ತಿನ್ನಲು ಬಂದ ಗುಲಗಂಜಿ ಹುಳವನ್ನು ಈ ಇರುವೆಗಳು ಓಡಿಸುತ್ತವೆ. ಗುಲಗಂಜಿ ಹುಳದ ಮರಿಯೂ ಹೇನನ್ನೇ ತಿನ್ನುವುದು, ಆದರೆ ಅದು ತಾಯಿಯ ಹಾಗೆ ಕೆಂಪಗೆ ಗುಂಡಗೆ ಇರದೆ ಕಪ್ಪಗೆ, ಉದ್ದಕ್ಕೆ, ಪುಟ್ಟ ಮೊಸಳೆಯ ಹಾಗಿರುತ್ತದೆ. ಪಾಪ, ಅದನ್ನೇ ಕೀಟವೆಂದು ಹೊಸಕಿ ಹಾಕುತ್ತಾರೆ.

ಅಕ್ಕನಿಗೆ ಹೇಳಿದ್ದು ಇಷ್ಟು. ಯೂರಿಯಾ ನಿಲ್ಲಿಸಿ. ಹೇನು ಮುತ್ತಿದ ಕುಡಿ ಚಿವುಟಿ ಬೇಲಿಯಾಚೆ ಹಾಕಿ. ಉಳಿದ ಗಿಡಕ್ಕೆ ಬೆಳಿಗ್ಗೆ ಇಬ್ಬನಿ ಆರುವ ಮುಂಚೆ ಒಲೆಯ ಬೂದಿ ಎರಚಿ, ಒದ್ದೆ ಎಲೆಗೆ ಬೂದಿ ಚೆನ್ನಾಗಿ ಹಿಡಿಯುತ್ತದೆ. ನಮ್ಮ ಅಜ್ಜಿಯರು ಮಾಡುತ್ತಿದ್ದದ್ದೇ. ಚಿವುಟಿದ ಕುಡಿಯ ಮೇಲಿನ ಹೇನು ಬಹುಪಾಲು ಉಳಿಯುವುದಿಲ್ಲ, ಅದನ್ನು ಮುಚ್ಚಿಡಬೇಕಿಲ್ಲ. ಶೀಲ ಪೂರ್ತಿ ಉಳಿಯಿತು ಎಂದು ಸರ್ಟಿಫಿಕೇಟ್ ಕೊಡಲು ನಾನು ಯಾರು? 10 ಗಿಡದ ಹಿತ್ತಲಲ್ಲಿ ಕೊಲ್ಲುವುದನ್ನು ಇಷ್ಟು ಕಡಿಮೆ ಮಾಡಬಹುದು, ಅಷ್ಟೇ.

ಆದರೆ ಈ ಹಿತ್ತಲಿನ ನ್ಯಾಯವನ್ನು ಹೊಲಕ್ಕೆ ಹೊತ್ತುಕೊಂಡು ಹೋಗಬೇಡಿ. ಸಾಲ ಮಾಡಿ 2 ಎಕರೆ ಅವರೆ ಇಟ್ಟವನಿಗೆ ಬೂದಿಯ ಪಾಠ ಹೇಳಿದರೆ ಅವನು ನಗುತ್ತಾನೆ. ನಮ್ಮ ಬಳಗದಲ್ಲೇ ಎಷ್ಟೋ ಜನರ ಅಪ್ಪಂದಿರು ಬೆನ್ನಿಗೆ ಪಂಪು ಕಟ್ಟಿಕೊಂಡು, ಮೂಗಿಗೆ ಟವಲ್ ಸುತ್ತಿಕೊಂಡು, ಇನ್ನೊಬ್ಬರ ಹೊಲದಲ್ಲಿ ದಿನಗೂಲಿಗೆ ಹೊಡೆದವರು. ಆ ವಿಷ ಅವರ ಎದೆಗೂ ಇಳಿದಿದೆ. ಬುದ್ಧರು ಭಿಕ್ಖುಗಳಿಗೆ ನೆಲ ಅಗೆಯಬಾರದು, ಗಿಡ ಕಡಿಯಬಾರದು ಎಂದು ವಿನಯದಲ್ಲಿ ವಿಧಿಸಿದರು. ಅನ್ನ ಬೆಳೆಯುವ ಗೃಹಸ್ಥರಿಗೆ ಆ ನಿಯಮ ಇಡಲಿಲ್ಲ. ಉಪಾಸಕರು ಮಾಡಬಾರದ ಐದು ವ್ಯಾಪಾರಗಳನ್ನು ಅಂಗುತ್ತರ ನಿಕಾಯದಲ್ಲಿ ಹೆಸರಿಸಿದ್ದಾರೆ, ವಿಷ ಮಾರುವುದು ಅದರಲ್ಲೊಂದು. ಮಾರುವುದು ಎಂಬ ಮಾತನ್ನು ಗಮನಿಸಿ. ಕೂಲಿಯವನ ಶೀಲ ತೂಗುವ ಮೊದಲು ಡಬ್ಬಿ ಯಾರ ಅಂಗಡಿಯಿಂದ ಬಂತು ಎಂದು ಕೇಳುವುದೇ ಸರಿ ಎಂದು ನನ್ನ ಅಭಿಪ್ರಾಯ.

ಭಾನುವಾರದ ಓದಿಗೆ ಇದೇ ಸುತ್ತ ಇಟ್ಟುಕೊಂಡಿದ್ದೇವೆ. ನಿಮ್ಮ ಅಪ್ಪ, ಅಮ್ಮ ಹೊಲದಲ್ಲಿ ಏನು ಹೊಡೆಯುತ್ತಿದ್ದರು, ಯಾರ ಹೊಲದಲ್ಲಿ, ಕೂಲಿ ಎಷ್ಟು ಸಿಗುತ್ತಿತ್ತು ಎಂದು ಮನೆಯಲ್ಲಿ ಕೇಳಿಕೊಂಡು ಬನ್ನಿ. ಅಕ್ಕ ಅವರೆಕಾಯಿ ತರುತ್ತಾರಂತೆ.