ಸಣ್ಣಗಿದ್ದೇನೆ ಎಂದು ಸುಮ್ಮನಿರಬೇಡಿ

ಬೆಳಗಾದರೆ ನ್ಯೂಜೆರ್ಸಿಯ ಮೆಟ್ರೊಪಾರ್ಕ್‌ನಲ್ಲಿ ಕಾರು ನಿಲ್ಲಿಸಿ ನ್ಯೂಯಾರ್ಕಿನ ರೈಲಿಗೆ ಓಡುವವರೇ, ಒಂದು ಪ್ರಶ್ನೆ. ನಿಮ್ಮ ಕೊಲೆಸ್ಟರಾಲ್ ಎಷ್ಟಿದೆ? ಮನೆ ಸಾಲದ ಬಡ್ಡಿ ದರ ಕೇಳಿದರೆ ಥಟ್ಟನೆ ಹೇಳುತ್ತೀರಿ, ಇದನ್ನು ಕೇಳಿದರೆ ಮುಖ ನೋಡುತ್ತೀರಿ. ವರ್ಷಕ್ಕೊಮ್ಮೆಯ ಫಿಸಿಕಲ್‌ಗೆ ಹೆಚ್ಚಿನ ವಿಮೆಗಳಲ್ಲಿ ಕೈಯಿಂದ ಕಾಸು ಕೊಡಬೇಕಿಲ್ಲ. ಆದರೂ ಹೋಗುವುದಿಲ್ಲ. ಹೋದವರೂ ಲ್ಯಾಬ್‌ನಿಂದ ಬಂದ ರಿಪೋರ್ಟನ್ನು ಫೋನಿನಲ್ಲಿ ತೆರೆದು ನೋಡುವುದಿಲ್ಲ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೃದಯಾಘಾತದಿಂದ ತೀರಿಕೊಂಡಾಗ ನೀವೂ ಅತ್ತಿದ್ದೀರಿ. ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ಹೃದಯ ತಪಾಸಣೆಗೆ ಜನ ಸಾಲುಗಟ್ಟಿ ನಿಂತರು. ಆ ಭಯ ಕೆಲವು ವಾರ ಇತ್ತು, ಆಮೇಲೆ ಎಲ್ಲರೂ ಮರೆತರು. ಬೆಂಕಿ ಬಿದ್ದಾಗ ಬಾವಿ ತೋಡುವ ಅಭ್ಯಾಸ ನಮ್ಮದು.

"ನಾನು ಸಣ್ಣಗಿದ್ದೇನೆ, ಮಾಂಸ ಮುಟ್ಟುವುದಿಲ್ಲ, ನನಗೇನು?" ಎನ್ನಬೇಡಿ. ನಮ್ಮ ಕಡೆಯವರಿಗೆ ಕೈಕಾಲು ಸಣ್ಣಗಿದ್ದರೂ ಹೊಟ್ಟೆಯ ಸುತ್ತ ಕೊಬ್ಬು ಸೇರುವುದು ಹೆಚ್ಚು. ರಕ್ತದಲ್ಲಿ ಟ್ರೈಗ್ಲಿಸರೈಡ್ ಎನ್ನುವ ಕೊಬ್ಬು ಏರಿ, ಒಳ್ಳೆಯದೆನ್ನುವ ಎಚ್‌ಡಿಎಲ್ ಇಳಿದಿರುತ್ತದೆ. ಅದಕ್ಕೇ ಅಮೆರಿಕದ ಹೃದ್ರೋಗ ತಜ್ಞರ 2018ರ ಕೊಲೆಸ್ಟರಾಲ್ ಮಾರ್ಗಸೂಚಿಯಲ್ಲಿ ದಕ್ಷಿಣ ಏಷ್ಯಾದ ಮೂಲವನ್ನೇ ಅಪಾಯ ಹೆಚ್ಚಿಸುವ ಅಂಶವೆಂದು ಸೇರಿಸಿದ್ದಾರೆ. ನಿಮ್ಮ ಡಾಕ್ಟರು ಅದನ್ನು ಎತ್ತದಿದ್ದರೆ ನೀವೇ ಎತ್ತಿ.

ರಿಪೋರ್ಟ್ ಓದುವುದು ಕಷ್ಟವಲ್ಲ. ಮೂವತ್ನಾಲ್ಕರ ಒಬ್ಬ ಹುಡುಗನ ಹಾಳೆಯಲ್ಲಿ ಒಟ್ಟು ಕೊಲೆಸ್ಟರಾಲ್ 226, ಎಚ್‌ಡಿಎಲ್ 36, ಟ್ರೈಗ್ಲಿಸರೈಡ್ 212, ಕೆಟ್ಟದೆನ್ನುವ ಎಲ್‌ಡಿಎಲ್ 148 ಎಂದಿದೆ ಎನ್ನೋಣ. ಒಟ್ಟಿನಲ್ಲಿ ಎಚ್‌ಡಿಎಲ್ ಕಳೆಯಿರಿ, 190 ಉಳಿಯುತ್ತದೆ. ರಕ್ತನಾಳಕ್ಕೆ ಮೆತ್ತಿಕೊಳ್ಳುವ ಕಣಗಳ ಕೊಲೆಸ್ಟರಾಲ್ ಪೂರ್ತಿ ಇದರಲ್ಲಿ ಬಂತು. ಇದು 130ರೊಳಗೆ ಇರಬೇಕು. ಎಲ್‌ಡಿಎಲ್ 100ರೊಳಗೆ, ಟ್ರೈಗ್ಲಿಸರೈಡ್ 150ರೊಳಗೆ ಇದ್ದರೆ ಒಳ್ಳೆಯದು. ಎಚ್‌ಡಿಎಲ್ ಗಂಡಸರಿಗೆ 40, ಹೆಂಗಸರಿಗೆ 50 ದಾಟಿರಬೇಕು. ಆ ಹುಡುಗನಿಗೆ ನೋವಿಲ್ಲ, ಸುಸ್ತಿಲ್ಲ, ವಾರಾಂತ್ಯಕ್ಕೆ ಕ್ರಿಕೆಟ್ಟೂ ಆಡುತ್ತಾನೆ. ಆದರೆ ಐವತ್ತಾದ ಮೇಲೆ ನೋಡಿಕೊಳ್ಳೋಣ ಎಂದು ಕೂತರೆ ಅಷ್ಟು ವರ್ಷವೂ ರಕ್ತನಾಳದ ಗೋಡೆಗೆ ಕೊಬ್ಬು ಸೇರುತ್ತಲೇ ಇರುತ್ತದೆ. ಅಂಕಿ ಎಷ್ಟು ಮುಖ್ಯವೋ ಅದು ಎಷ್ಟು ವರ್ಷದಿಂದ ಹಾಗಿದೆ ಎನ್ನುವುದೂ ಅಷ್ಟೇ ಮುಖ್ಯ.

ಎಲ್‌ಡಿಎಲ್ 190 ದಾಟಿದ್ದರೆ ತಡ ಮಾಡಲೇಬೇಡಿ. ಅದು ಬರೀ ಊಟದ ತಪ್ಪಾಗಿರಲಿಕ್ಕಿಲ್ಲ. ಸುಮಾರು 250 ಜನರಲ್ಲಿ ಒಬ್ಬರಿಗೆ ಇದು ವಂಶದಿಂದಲೇ ಬರುತ್ತದೆ. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ, ಹಾಗಾಗಿ ಮಕ್ಕಳನ್ನೂ ಪರೀಕ್ಷೆ ಮಾಡಿಸಿ.

ಹೃದಯದ ಅಪಾಯ ಹೆಚ್ಚಿಸುವ ಇನ್ನೊಂದರ ಹೆಸರು ಬರೆದಿಟ್ಟುಕೊಳ್ಳಿ: ಲೈಪೊಪ್ರೋಟೀನ್ ಎ. ಮಾಮೂಲಿ ಲಿಪಿಡ್ ಪರೀಕ್ಷೆಯಲ್ಲಿ ಇದು ಇರುವುದಿಲ್ಲ, ಕೇಳಿಯೇ ಮಾಡಿಸಬೇಕು. ಹುಟ್ಟಿನಿಂದ ಬಂದದ್ದು, ಪಥ್ಯದಿಂದ ಇಳಿಯುವುದಿಲ್ಲ. ಸಾಮಾನ್ಯವಾಗಿ ಜೀವನದಲ್ಲಿ ಒಮ್ಮೆ ನೋಡಿಸಿದರೆ ಸಾಕು. "ಇಳಿಯದ ಮೇಲೆ ನೋಡಿ ಏನು ಪ್ರಯೋಜನ?" ಅನ್ನುತ್ತೀರಿ. ಅದು ಹೆಚ್ಚಿದ್ದರೆ ಎಲ್‌ಡಿಎಲ್, ಬಿಪಿ, ಸಕ್ಕರೆ ಎಲ್ಲವನ್ನೂ ಇನ್ನಷ್ಟು ಬಿಗಿಯಾಗಿ ಹಿಡಿಯಬೇಕು. ಅದಕ್ಕೇ ತಿಳಿದಿರಬೇಕು.

ಭಾನುವಾರ ಊರಿಗೆ ಫೋನ್ ಮಾಡುತ್ತೀರಲ್ಲ, ಆಗ ಮಳೆ ಬೆಳೆಯ ಜೊತೆಗೆ ಇದನ್ನೂ ವಿಚಾರಿಸಿ. ಅಪ್ಪನಿಗೋ ಅಣ್ಣತಮ್ಮಂದಿರಿಗೋ 55ರೊಳಗೆ, ಅಮ್ಮನಿಗೋ ಅಕ್ಕತಂಗಿಯರಿಗೋ 65ರೊಳಗೆ ಹೃದಯದ ತೊಂದರೆ ಬಂದಿತ್ತೇ? ನಮ್ಮ ಹಿರಿಯರು ಸ್ಟೆಂಟ್ ಹಾಕಿಸಿಕೊಂಡದ್ದನ್ನೂ "ಏನೋ ಗ್ಯಾಸ್ಟ್ರಿಕ್" ಎಂದು ಮುಚ್ಚಿಡುತ್ತಾರೆ. ಗದರಿಸಿಯಾದರೂ ಬಾಯಿ ಬಿಡಿಸಿ.

ಈಗ ಊಟದ ಮಾತು. ಓಕ್ ಟ್ರೀ ರಸ್ತೆಯ ನಮ್ಮವರ ಅಂಗಡಿಗಳಲ್ಲಿ ಸಿಗದ ತಿಂಡಿ ಉಂಟೇ? ಶನಿವಾರ ಅಲ್ಲಿಂದ ಚಕ್ಕುಲಿ, ಖಾರ, ಸಿಹಿಯ ಡಬ್ಬ, ಭಾನುವಾರ ಯಾರದೋ ಮನೆಯ ಪಾಟ್‌ಲಕ್. ಅಲ್ಲಿ ಪೂರಿ, ಬಿಸಿಬೇಳೆಬಾತಿನ ಮೇಲೆ ಬೂಂದಿ, ಕೊನೆಗೆ ಕೇಸರಿಬಾತ್. ಹಬ್ಬಕ್ಕೆ ತಿನ್ನಿ, ನಾನೇ ಬಡಿಸುತ್ತೇನೆ. ವಾರವಾರವೂ ಹಬ್ಬ ಮಾಡಬೇಡಿ. ಒಂದು ದೊಡ್ಡ ಚಮಚ ತುಪ್ಪದಲ್ಲಿ ಸ್ಯಾಚುರೇಟೆಡ್ ಕೊಬ್ಬು ಸುಮಾರು 8 ಗ್ರಾಂ. ಎರಡು ಸಾವಿರ ಕ್ಯಾಲರಿ ಉಣ್ಣುವವರಿಗೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೇಳುವ ಮಿತಿ ದಿನಕ್ಕೆ ಸುಮಾರು 13. ತೆಂಗಿನೆಣ್ಣೆ ಇನ್ನೂ ಹೆಚ್ಚಿನದು. ತುಪ್ಪ ಬಿಡಿ ಎನ್ನುವುದಿಲ್ಲ, ಡಬ್ಬಿಯಿಂದ ಸುರಿಯದೆ ಸಣ್ಣ ಚಮಚದಲ್ಲಿ ಹಾಕಿಕೊಳ್ಳಿ. ಟ್ರೈಗ್ಲಿಸರೈಡ್ ಏರುವುದು ಮಾತ್ರ ಹೆಚ್ಚಾಗಿ ಅನ್ನದ ರಾಶಿ, ಸಕ್ಕರೆ, ಮದ್ಯದಿಂದ. ಅನ್ನ ಅರ್ಧ ಮಾಡಿ, ಆ ಜಾಗಕ್ಕೆ ಹುರುಳಿ ಸಾರು, ಹೆಸರುಕಾಳಿನ ಉಸಲಿ, ಸೊಪ್ಪಿನ ಹುಳಿ ಬರಲಿ. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಸಿಗರೇಟು ಇದ್ದರೆ ಇವತ್ತೇ ಬಿಡಿ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ. ಜನವರಿಯ ಹಿಮಕ್ಕೆ ಹೆದರಿದರೆ ಮೆನ್ಲೊ ಪಾರ್ಕ್ ಮಾಲ್‌ನೊಳಗೇ ಸುತ್ತಿ, ಯಾರೂ ಬೇಡವೆನ್ನುವುದಿಲ್ಲ.

ಇಷ್ಟಾದರೂ ಇಳಿಯದಿದ್ದರೆ, ಅಥವಾ ಮೊದಲೇ ತೀರಾ ಏರಿದ್ದರೆ, ಡಾಕ್ಟರು ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬರೆಯಬಹುದು. "ಈ ವಯಸ್ಸಿಗೇ ಮಾತ್ರೆಯೇ?" ಎಂದು ಬೆಚ್ಚಬೇಡಿ. ಅಮೆರಿಕದಲ್ಲಿ 1987ರಲ್ಲಿ ಮೊದಲು ಮಂಜೂರಾದ ಸ್ಟ್ಯಾಟಿನ್ ಲೊವಾಸ್ಟ್ಯಾಟಿನ್. ಅದನ್ನು ಕಂಡುಹಿಡಿದದ್ದು ನಿಮ್ಮ ರೈಲು ದಿನಾ ಹಾಯುವ ರಾಹ್ವೇ ಊರಿನಲ್ಲಿ, ಮರ್ಕ್ ಕಂಪನಿಯ ಪ್ರಯೋಗಶಾಲೆಯಲ್ಲಿ. ಅಂದಿನಿಂದ ಇಂದಿನವರೆಗೆ ಲಕ್ಷಾಂತರ ಜನ ಈ ಜಾತಿಯ ಮಾತ್ರೆ ನುಂಗಿದ್ದಾರೆ. ಮೈಕೈ ನೋವು ಬಂದರೆ ಡಾಕ್ಟರಿಗೆ ಹೇಳಿ, ಬೇರೆ ಮಾತ್ರೆ ಇದೆ, ಕಡಿಮೆ ಪ್ರಮಾಣವೂ ಇದೆ. ವಾಟ್ಸಾಪ್‌ನಲ್ಲಿ ಬಂದದ್ದನ್ನು ಓದಿ ನೀವೇ ನಿಲ್ಲಿಸಬೇಡಿ. ಮಗುವಿನ ಯೋಚನೆಯಲ್ಲಿರುವ ಹೆಣ್ಣುಮಕ್ಕಳು ಮಾತ್ರ ಅದನ್ನು ಮೊದಲೇ ಡಾಕ್ಟರಿಗೆ ತಿಳಿಸಿಬಿಡಿ.

ಕೊನೆಯದಾಗಿ, ಎದೆ ಹಿಂಡಿದ ಹಾಗಾಗಿ, ನೋವು ದವಡೆಗೋ ಎಡಗೈಗೋ ಇಳಿದು, ತಣ್ಣಗೆ ಬೆವರಿದರೆ ಜೀರಿಗೆ ನೀರು ಕುಡಿದು ಮಲಗಬೇಡಿ. ಮೈಸೂರಿನ ಡಾಕ್ಟರು ಮಾವನಿಗೆ ಫೋನ್ ಹಚ್ಚುವುದೂ ಆಮೇಲಾಯಿತು. ಮೊದಲು 911. ನೀವೇ ಕಾರು ಓಡಿಸಿಕೊಂಡು ಹೋಗುವ ಸಾಹಸವಂತೂ ಬೇಡವೇ ಬೇಡ. ಮುಂಬಾಗಿಲಿನ ಚಿಲಕ ತೆಗೆದಿಟ್ಟು, ಫೋನಿನಲ್ಲಿ 911ರವರು ಹೇಳಿದ ಹಾಗೆ ಮಾಡಿ.