ಚೌಡಾಪುರ ದಾರಿಯ ಡ್ರೈವರಿಕೆ

ಕಲಬುರಗಿಯಿಂದ ಚೌಡಾಪುರದ ಮೇಲೆ ಹಾಯ್ದು ಅಫಜಲಪುರಕ್ಕೆ, ಗಾಣಗಾಪುರಕ್ಕೆ ಕ್ರೂಸರ್ ಹೊಡೆಯುವವನು ನಾನು. ಈ ದಾರಿಯಲ್ಲಿ ಬರೀ ಟಾರು ನೋಡಿದರೆ ಸಾಲದು. ಹೊಲ ನೋಡಬೇಕು, ಪಂಚಾಂಗವನ್ನೂ ನೋಡಬೇಕು.

1. ಮುಂದಿನ ಗಾಡಿಯ ಬಂಪರಿಗೆ ಕಣ್ಣು ಅಂಟಿಸಿಕೊಂಡು ಹೋಗಬಾರದು. 60 ಕಿ.ಮೀ. ಸ್ಪೀಡಿನಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಎಮ್ಮೆ ಕಂಡು ಕಾಲು ಬ್ರೇಕಿನ ಮೇಲೆ ಹೋಗುವಷ್ಟರಲ್ಲೇ ಅಷ್ಟು ದಾರಿ ಮುಗಿದಿರುತ್ತದೆ. ಬ್ರೇಕ್ ಹಿಡಿಯುವುದು ಆಮೇಲಿನ ಮಾತು. ಹಾಗಾಗಿ ನನ್ನ ನೋಟ 200 ಮೀಟರ್ ಆಚೆಗಿರುತ್ತದೆ. ಕುರಿ ಎಡಕ್ಕೆ, ಕುರಿ ಕಾಯುವವ ಬಲಕ್ಕೆ ನಿಂತಿದ್ದಾನೆಂದರೆ ಕುರಿ ದಾಟುವುದು ಇನ್ನೂ ಬಾಕಿ ಇದೆ ಅಂತ ತಿಳಿಯಬೇಕು.

2. ತೊಗರಿ ಆಳೆತ್ತರ ಬೆಳೆದಾಗ ಹೊಲದ ದಾರಿಗಳು ಕಾಣುವುದಿಲ್ಲ. ಬೇಸಿಗೆಯಲ್ಲಿ ಬಯಲಾಗಿದ್ದ ತಿರುವಿನಿಂದಲೇ ದೀಪಾವಳಿ ಹೊತ್ತಿಗೆ ಬೈಕು ದಿಢೀರನೆ ಹೊರಬೀಳುತ್ತದೆ. ಬೆಳೆ ಮೇಲೆ ಧೂಳು ಎದ್ದಿದ್ದು ಕಂಡರೆ ಹಾರ್ನ್ ಹೊಡೆಯುತ್ತೇನೆ. ರಾಶಿ ಶುರುವಾದ ಮೇಲೆ ಅರ್ಧ ರಸ್ತೆಯೇ ಕಣ.

3. ಕಬ್ಬಿನ ಸೀಜನ್ ಬಂತೆಂದರೆ ರಾತ್ರಿಯ ದಾರಿಯೇ ಬೇರೆ. ಹವಳಗಾ ಫ್ಯಾಕ್ಟರಿಗೆ ಹೋಗುವ ಟ್ರ್ಯಾಕ್ಟರುಗಳಿಗೆ ಎರಡೆರಡು ಟ್ರೇಲರ್. ಹಿಂದೆ ಕೆಂಪು ದೀಪ ಇದ್ದರೂ ಜೋತುಬಿದ್ದ ಕಬ್ಬು ಅದನ್ನು ಮುಚ್ಚಿರುತ್ತದೆ. ನಮ್ಮ ಡಿಮ್ ಲೈಟಿಗೆ ಟ್ರೇಲರ್ ಸಿಗುವುದು ತೀರಾ ಹತ್ತಿರ ಹೋದಾಗಲೇ. ನನಗೆ ಮೊದಲು ಸುಳಿವು ಕೊಡುವುದು ಟಾರಿನ ಮೇಲೆ ಬಿದ್ದ ಕಬ್ಬು. ಇನ್ನೂ ಯಾವ ಗಾಲಿಗೂ ಸಿಕ್ಕು ಜಜ್ಜಿಹೋಗದ ಹಸಿ ಗಳ ಕಂಡರೆ ಟ್ರ್ಯಾಕ್ಟರ್ ದೂರವಿಲ್ಲ. ಎಕ್ಸಲೇಟರಿನಿಂದ ಕಾಲು ತೆಗೆಯುತ್ತೇನೆ. ಎದುರಿನವ ಅಪ್ಪರ್ ಇಳಿಸದಿದ್ದರೆ ಆ ಬೆಳಕನ್ನು ದಿಟ್ಟಿಸದೆ ಎಡದ ಅಂಚು ನೋಡುತ್ತಾ ನಿಧಾನ ಮಾಡಬೇಕು. ಕಣ್ಣು ಕುಕ್ಕುವ ಆ ಹೊತ್ತಿನಲ್ಲೇ ನಮ್ಮ ಸೈಡಿನಲ್ಲಿ ದೀಪವಿಲ್ಲದ ಟ್ರೇಲರ್ ನಿಂತಿರಬಹುದು.

ಪಂಕ್ಚರಾದ ಟ್ರೇಲರಿನ ಹಿಂದೆ ಜಾಲಿ ಟೊಂಗೆ ಇಡುತ್ತಾರೆ, ಗಾಲಿಗೆ ಕಲ್ಲು. ಬೆಳಗಾಗುವಷ್ಟರಲ್ಲಿ ಟ್ರೇಲರ್ ಹೋಗುತ್ತದೆ, ಕಲ್ಲು ಅಲ್ಲೇ ಉಳಿಯುತ್ತದೆ. ಬೈಕಿನವರ ಪಾಲಿಗೆ ಅದೇ ಯಮ. ಕಲ್ಲು ಕಂಡಲ್ಲಿ ಗಾಡಿಯನ್ನು ಬದಿಗೆ ಹಾಕಿ ಅದನ್ನು ತಳ್ಳಿ ಬರುವ ಚಾಳಿ ನನಗಿದೆ. ಒಳಗಿನ ಮಂದಿ ಗೊಣಗುತ್ತಾರೆ, ಗೊಣಗಲಿ.

4. ಹುಣ್ಣಿಮೆ, ಅಮಾವಾಸ್ಯೆಯ ದಿನ ಚೌಡಾಪುರ ಕ್ರಾಸಿನಲ್ಲಿ ಹೊರಗಿನ ಗಾಡಿಗಳೇ ಹೆಚ್ಚು. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಭಕ್ತರು ಗಾಣಗಾಪುರದ ತಿರುವು ಹುಡುಕುತ್ತಾ ಬಂದು ಇಂಡಿಕೇಟರ್ ಇಲ್ಲದೆ ಗಕ್ಕನೆ ನಿಲ್ಲುತ್ತಾರೆ. ಮಾರ್ಗಶಿರದ ದತ್ತ ಜಯಂತಿಗೆ ಕೇಳುವುದೇ ಬೇಡ. ದಿನಾ ಮಧ್ಯಾಹ್ನ ಗಾಣಗಾಪುರದಲ್ಲಿ ಮಧುಕರಿ ಭಿಕ್ಷೆ. ದತ್ತ ಮಹಾರಾಜರೇ ಯಾವುದೋ ವೇಷದಲ್ಲಿ ಭಿಕ್ಷೆಗೆ ಬರುತ್ತಾರೆಂಬ ನಂಬಿಕೆ. ಹಾಗಾಗಿ ಹನ್ನೊಂದು ಹೊಡೆದ ಮೇಲೆ ಎಲ್ಲರಿಗೂ ಅವಸರ. “ಅಣ್ಣಾ, ಜರಾ ಜಲ್ದಿ ಹೊಡೀರಿ, ಭಿಕ್ಷಾದ ಟೈಮ್ ತಪ್ಪತದ” ಅನ್ನುತ್ತಾರೆ. “ದತ್ತಪ್ಪ ಎಲ್ಲಿ ಹೋಗಲ್ಲ ಬಿಡ್ರಿ ಯಕ್ಕಾ, ಅಲ್ಲೇ ಇರ್ತಾನ” ಅಂದು ನನ್ನ ಸ್ಪೀಡಿನಲ್ಲೇ ನಾನು ಹೋಗುತ್ತೇನೆ. ಆ ಹೊತ್ತಿನಲ್ಲಿ ಓವರ್‌ಟೇಕ್ ಮಾಡುವವರಿಗೆ ದಾರಿ ಬಿಟ್ಟುಕೊಡುವುದೇ ಜಾಣತನ.

5. ನಸುಕಿನಲ್ಲಿ ಎದುರು ಬರುವ ಕಾರನ್ನು ನಂಬಬೇಡಿ. ಗಾಣಗಾಪುರದ ನದಿ ಸಂಗಮದ ಸ್ನಾನಕ್ಕೆಂದು ಇಡೀ ರಾತ್ರಿ ನಿದ್ದೆಗೆಟ್ಟು ಬಂದಿರುತ್ತಾರೆ. ಅಂಥ ಗಾಡಿ ಮೆಲ್ಲಗೆ ನಡುಗೆರೆಯತ್ತ ಸರಿದು, ಒಮ್ಮೆಲೇ ಎಡಕ್ಕೆ ಎಳೆದುಕೊಳ್ಳುತ್ತದೆ; ಕಂಡ ಕೂಡಲೇ ನಿಧಾನ ಮಾಡಿ. ನಮ್ಮ ಕಣ್ಣು ಎಳೆದರೂ ಅಷ್ಟೇ. ಚಹಾ, ಗುಟ್ಕಾ, ಕಿಟಕಿಯ ಗಾಳಿ ನಿದ್ದೆಗೆ ಬದಲಿಯಲ್ಲ. ದಾಟಿದ ಊರು ಯಾವುದೆಂದು ನೆನಪಾಗದಿದ್ದರೆ ಹೋಟೆಲ್ ಮುಂದೆ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗುವುದೇ ಸರಿ.

6. ಮಳೆ ಬಿದ್ದ ಮೇಲೆ ಎರಿ ಹೊಲದಿಂದ ಟ್ರ್ಯಾಕ್ಟರ್ ಹೊರಬಂದ ಜಾಗದಲ್ಲಿ ಟಾರಿನ ಮೇಲೆ ಕರಿ ಕೆಸರು ಮೆತ್ತಿರುತ್ತದೆ. ಅಲ್ಲಿ ಬ್ರೇಕ್ ಒತ್ತಿದರೆ ಗಾಡಿ ಜಾರುತ್ತದೆ, ಬದಿಗೆ ಇಳಿಸಿದರೆ ಗಾಲಿ ಹೂಳುತ್ತದೆ. ದೂರದಿಂದಲೇ ಕಂಡು, ಗೇರ್ ಇಳಿಸಿ, ಸ್ಟೇರಿಂಗ್ ನೆಟ್ಟಗೆ ಹಿಡಿದು ದಾಟಿಸಬೇಕು.